ಬಾಲ್ಟಿಕ್ ಕ್ರೂಸ್ ವಿಮರ್ಶೆ: ಹಡಗು ಯಾವ ಧಕ್ಕೆಯಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳಿ

ಗೋವಾ ತೋರಿಸುತ್ತೇವೆ ಎಂದು ಕ್ರೂಸ್ ಹಡಗಿನವರು ಹೇಳಿದರೆ ಜನ ಇಳಿಯುವುದು ಮುರಗಾಂವ್ ಬಂದರಿನಲ್ಲಿ. ಅಲ್ಲಿಂದ ಪಣಜಿ ಎಷ್ಟು ದೂರ, ಕಲಂಗುಟ್ ಇನ್ನೆಷ್ಟು ದೂರ ಎಂದು ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ. ಉತ್ತರ ಯುರೋಪಿನ ಕ್ರೂಸ್ ಪ್ಯಾಕೇಜುಗಳದ್ದೂ ಅದೇ ಹಣೆಬರಹ. ಬ್ರೋಷರಿನಲ್ಲಿ ‘ಬರ್ಲಿನ್’ ಎಂದಿರುತ್ತದೆ, ಹಡಗು ನಿಲ್ಲುವುದು ವಾರ್ನೆಮುಂಡೆಯಲ್ಲಿ. ‘ಪ್ಯಾರಿಸ್’ ಎಂದರೆ ಲ ಹಾವ್ರ್, ‘ಬ್ರೂಜ್’ ಎಂದರೆ ಝೀಬ್ರೂಗೆ. ‘ಸ್ಟಾಕ್‌ಹೋಮ್’ ಎಂದಿದ್ದರೆ ಊರ ನಡುವಿನ ಧಕ್ಕೆ, ಅಂದರೆ ಹಡಗುಕಟ್ಟೆಯೂ ಆಗಬಹುದು, ಅಲ್ಲಿಂದ ಒಂದು ತಾಸು ರೈಲು ದೂರದ ನ್ಯೂನೆಸ್‌ಹಾಮ್ನ್ ಕೂಡ ಆಗಬಹುದು. ಒಂದೇ ದರ, ಒಂದೇ ಹೆಸರಿನ ಎರಡು ಪ್ಯಾಕೇಜುಗಳಲ್ಲಿ ಒಂದು ಚೆನ್ನಾಗಿರುವುದು, ಇನ್ನೊಂದು ಬರೀ ಬಸ್ಸಿನಲ್ಲಿ ಕೂರಿಸುವುದು ಈ ಕಾರಣಕ್ಕೇ.

ಹುಬ್ಬಳ್ಳಿ, ಬೆಂಗಳೂರು, ಗೋವಾದ ಏಜೆಂಟರು ಈಗ ಗಂಡ-ಹೆಂಡತಿ ಜೋಡಿಗೆಂದೇ ಹೆಚ್ಚಾಗಿ ಮಾರುವ ಏಳು ರಾತ್ರಿಯ ಬಾಲ್ಟಿಕ್ ಸುತ್ತಿನ, ಅಂದರೆ ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರ ಸುತ್ತುವ ಪ್ರವಾಸದ ವಿಮರ್ಶೆ ಇದು. ಸಾಮಾನ್ಯ ದಾರಿ ಹೀಗೆ: ಕೋಪನ್‌ಹೇಗನ್ (ಡೆನ್ಮಾರ್ಕ್), ವಾರ್ನೆಮುಂಡೆ (ಜರ್ಮನಿ), ಒಂದು ದಿನ ಸಮುದ್ರ, ಟಾಲಿನ್ (ಎಸ್ಟೋನಿಯ), ಹೆಲ್ಸಿಂಕಿ (ಫಿನ್ಲೆಂಡ್), ಸ್ಟಾಕ್‌ಹೋಮ್ (ಸ್ವೀಡನ್), ಮತ್ತೊಂದು ದಿನ ಸಮುದ್ರ, ವಾಪಸ್ ಕೋಪನ್‌ಹೇಗನ್. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ 2022ರಿಂದ ಪಟ್ಟಿಯಲ್ಲಿಲ್ಲ. ಹಳೆಯ ವಿಡಿಯೊ ನೋಡಿ ಆಸೆ ಇಟ್ಟುಕೊಳ್ಳಬೇಡಿ.

ಈ ಹಡಗುಗಳು ಓಡುವುದು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಕರಾವಳಿಯಲ್ಲಿ ಆಗ ಮಳೆಗಾಲ. ಹಾಗಾಗಿ ಮೊದಲ ಅಪಾಯ ಬಾಲ್ಟಿಕ್ ಸಮುದ್ರದ್ದಲ್ಲ, ರಾಷ್ಟ್ರೀಯ ಹೆದ್ದಾರಿ 66ರದ್ದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಕೊಂಕಣ ರೈಲ್ವೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿಯಲ್ಲಿ, ನಿಧಾನವಾಗಿ ಓಡುತ್ತದೆ. ವಿಮಾನ ತಪ್ಪಿದರೆ ಹಡಗು ಕಾಯುವುದಿಲ್ಲ, ಹಣವೂ ವಾಪಸ್ ಬರುವುದಿಲ್ಲ. ಆದ್ದರಿಂದ ಹಡಗು ಹೊರಡುವ ದಿನಕ್ಕಿಂತ ಎರಡು ದಿನ ಮೊದಲೇ ಕೋಪನ್‌ಹೇಗನ್ ಮುಟ್ಟುವಂತೆ ಟಿಕೆಟ್ ಮಾಡಿ. ಕಾರವಾರ, ಅಂಕೋಲಾದವರಿಗೆ ಗೋವಾದ ವಿಮಾನ ನಿಲ್ದಾಣ ಹತ್ತಿರ, ಆದರೆ ದಾಬೋಲಿಮ್ಮೋ ಮೋಪಾವೋ ಎಂದು ಟಿಕೆಟಿನಲ್ಲಿ ನೋಡಿಕೊಳ್ಳಿ. ಮೋಪಾ ಇರುವುದು ಗೋವಾದ ಉತ್ತರದ ತುದಿಯಲ್ಲಿ. ಇಡೀ ರಾಜ್ಯ ದಾಟಿ ಹೋಗಬೇಕು. ಶಿರಸಿಯವರು ಘಟ್ಟ ಇಳಿಯುವ ಗೊಡವೆಗೇ ಹೋಗದೆ ಹುಬ್ಬಳ್ಳಿ ಮೇಲೆ ಬೆಂಗಳೂರು ಹಿಡಿಯುವುದು ಒಳ್ಳೆಯದು.

ವೀಸಾ ವಿಷಯದಲ್ಲಿ ಏಜೆಂಟರು ಎಡವುವುದು ಎರಡು ಕಡೆ. ಮೊದಲನೆಯದು ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅದರ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಎರಡು ದಿನ ಮೊದಲೇ ಕೋಪನ್‌ಹೇಗನ್ನಿಗೆ ಹೋದರೆ ಈ ಲೆಕ್ಕ ಡೆನ್ಮಾರ್ಕಿಗೆ ಸಲೀಸಾಗಿ ಕೂರುತ್ತದೆ, ಇದು ಬೇಗ ಹೋಗುವುದರ ಇನ್ನೊಂದು ಲಾಭ. ಎರಡನೆಯದು, ಹಡಗು ನಡುವೆ ಬ್ರಿಟನ್ನಿನ ಸೌತಾಂಪ್ಟನ್ ಅಥವಾ ಡೋವರ್ ಮುಟ್ಟುವುದಾದರೆ ಷೆಂಗೆನ್ ಬಿಟ್ಟು ಹೊರಗೆ ಹೋಗಿ ಮತ್ತೆ ಒಳಗೆ ಬಂದಂತೆ. ಒಂದೇ ಪ್ರವೇಶದ ವೀಸಾ ಸಾಲದು, ಬ್ರಿಟನ್ ವೀಸಾ ಬೇರೆ ಬೇಕು. ಮೊದಲ ಸಲ ಹೋಗುವವರು ಬ್ರಿಟನ್ ಸೇರಿದ ದಾರಿಯನ್ನೇ ಬಿಡುವುದು ಲೇಸು. ಷೆಂಗೆನ್ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ ತಲಾ 90 ಯೂರೊ. ವೀಸಾ ಕೇಂದ್ರದ ಶುಲ್ಕ ಅದರ ಮೇಲೆ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ಇಬ್ಬರೂ ಖುದ್ದಾಗಿ ಹೋಗಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ನಡೆಯುವುದಿಲ್ಲ. ಐದು ವರ್ಷದೊಳಗೆ ಕೊಟ್ಟಿದ್ದರೆ ಮಾತ್ರ ಸಾಮಾನ್ಯವಾಗಿ ವಿನಾಯಿತಿ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಯಲ್ಲೂ ಬೆರಳಚ್ಚು, ಫೋಟೊ ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ. ವಿಮಾನ ಬದಲಿಸುವುದು ಯುರೋಪಿನ ಊರಲ್ಲಾದರೆ ಆ ಸಾಲಿಗೆಂದು ಒಂದು ತಾಸು ಹೆಚ್ಚಿಗೆ ಇಟ್ಟುಕೊಳ್ಳಿ.

ಪಾಸ್‌ಪೋರ್ಟಿನ ಹೆಸರು ಇನ್ನೊಂದು ತಲೆನೋವು. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಊರಲ್ಲಿ ಎಲ್ಲರೂ ಹೆಗಡೆ, ನಾಯ್ಕ ಎಂದೇ ಕರೆಯುತ್ತಾರೆ, ಪುಸ್ತಕದಲ್ಲಿ ಮಾತ್ರ ಹೆಸರೊಂದೇ. ಹಡಗಿನ ಫಾರಂ ಉಪನಾಮ ಇಲ್ಲದೆ ಮುಂದೆ ಹೋಗುವುದಿಲ್ಲ. ಆಗ ಏಜೆಂಟ್ ತನಗೆ ತೋಚಿದ್ದನ್ನು ತುಂಬುತ್ತಾನೆ, ವಿಮಾನದವರು ಬೇರೆಯದನ್ನು ತುಂಬಿರುತ್ತಾರೆ. ಬಂದರಿನ ಕೌಂಟರಿನಲ್ಲಿ ಮೂರು ಕಾಗದದಲ್ಲಿ ಮೂರು ಹೆಸರು. ಸಮಯವಿದ್ದರೆ ಉಪನಾಮ ಸೇರಿಸಿ ಪಾಸ್‌ಪೋರ್ಟ್ ಮರುಪಡೆಯಿರಿ. ಇಲ್ಲವಾದರೆ ವಿಮಾನ, ಹಡಗು, ವಿಮೆ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಬಗೆಯಲ್ಲಿ ಬರುವಂತೆ ಬುಕ್ ಮಾಡುವ ದಿನವೇ ನೋಡಿಕೊಳ್ಳಿ.

ಇನ್ನು ಕೋಣೆ. ದರ ಹೇಳುವುದು ತಲಾ ಲೆಕ್ಕದಲ್ಲಿ, ಒಂದು ಕೋಣೆಗೆ ಇಬ್ಬರು ಎಂದು ಹಿಡಿದು. ಬಾಲ್ಕನಿ ಕೋಣೆಯನ್ನು ಏಜೆಂಟರು ಜೋಡಿಗಳಿಗೆ ಒತ್ತಿ ಒತ್ತಿ ಮಾರುತ್ತಾರೆ. ಈ ದಾರಿಯಲ್ಲಿ ಅದಕ್ಕೆ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹಡಗು ಓಡುವಾಗ ಗಾಳಿ ಚಳಿಚಳಿ. ಬಾಲ್ಕನಿಯಲ್ಲಿ ಹೆಚ್ಚು ಹೊತ್ತು ಕೂರಲಾಗದು. ಮೇಲಾಗಿ ಜೂನ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ, ಹೆಲ್ಸಿಂಕಿಯಲ್ಲಿ ಇನ್ನೂ ತಡ; ನಸುಕು ಎರಡು-ಮೂರು ಗಂಟೆಗೇ. ಕಿಟಕಿಯಿಲ್ಲದ ಒಳಕೋಣೆ ಗವ್ವೆನ್ನುವ ಕತ್ತಲೆ, ನಿದ್ದೆ ಚೆನ್ನಾಗಿ ಬರುತ್ತದೆ. ಉಳಿದ ದುಡ್ಡಿನಲ್ಲಿ ನೆಲದ ಮೇಲೆ ಇನ್ನೊಂದು ದಿನ ಇರಬಹುದು. ಬಾಲ್ಕನಿ ನಿಜಕ್ಕೂ ಕೆಲಸಕ್ಕೆ ಬರುವುದು ಸ್ಟಾಕ್‌ಹೋಮಿನ ದ್ವೀಪಸಮೂಹ ದಾಟುವ ಮೂರು-ನಾಲ್ಕು ತಾಸು. ಅದನ್ನು ಮೇಲಿನ ಡೆಕ್ಕಿನಿಂದ ನೋಡಿದರೆ ಎರಡೂ ಬದಿ ಕಾಣುತ್ತದೆ.

ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿದ್ದರೆ ಓಲಾಟ ಕಡಿಮೆ. ಈಜುಕೊಳದ ಡೆಕ್ಕಿನ ನೇರ ಕೆಳಗೆ ಬೇಡ: ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಥಿಯೇಟರಿನ ಮೇಲೂ ಬೇಡ. ‘ಗ್ಯಾರಂಟಿ’ ಕೋಣೆ ಎಂದರೆ ಜಾಗ ಕಂಪನಿಯೇ ಆರಿಸುತ್ತದೆ. ಅಗ್ಗ, ಆದರೆ ಮೇಲೆ ಹೇಳಿದ ಎರಡೂ ಕಾಟ ನಿಮ್ಮ ಪಾಲಿಗೆ ಬರಬಹುದು. ಹಾಸಿಗೆ ಎರಡು ಬೇರೆಯಾಗಿದ್ದರೆ ಕೋಣೆ ನೋಡಿಕೊಳ್ಳುವವರಿಗೆ ಹೇಳಿ, ಜೋಡಿಸಿಕೊಡುತ್ತಾರೆ. ಗರ್ಭಿಣಿಯರಿಗೆ ಒಂದು ಎಚ್ಚರಿಕೆ: ಪ್ರವಾಸ ಮುಗಿಯುವ ಹೊತ್ತಿಗೆ 24ನೇ ವಾರ ತಲುಪುವವರನ್ನು ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಈಗ ಧಕ್ಕೆಗಳಿಗೆ ಬರೋಣ.

ಕೋಪನ್‌ಹೇಗನ್‌ನಲ್ಲಿ ಲಾಂಗೆಲಿನಿ ಎಂದಿದ್ದರೆ ಅದೃಷ್ಟ; ಪುಟ್ಟ ಮತ್ಸ್ಯಕನ್ಯೆಯ ಮೂರ್ತಿಗೆ ನಡೆದೇ ಹೋಗಬಹುದು. 1913ರಲ್ಲಿ ನಿಲ್ಲಿಸಿದ ಆ ಮೂರ್ತಿಯ ಎತ್ತರ ಒಂದೂಕಾಲು ಮೀಟರ್ ಅಷ್ಟೆ. ನೋಡಿದವರು ‘ಇಷ್ಟೇನಾ?’ ಎನ್ನದೆ ಇರುವುದಿಲ್ಲ. ಓಷನ್‌ಕಾಯ್ ಎಂದಿದ್ದರೆ ಊರಿನಿಂದ ಆಚೆ. ಓರಿಯೆಂಟ್‌ಕಾಯ್ ಮೆಟ್ರೊ ನಿಲ್ದಾಣಕ್ಕೆ ಬಸ್ಸು ಅಥವಾ ಇಪ್ಪತ್ತು-ಇಪ್ಪತ್ತೈದು ನಿಮಿಷ ನಡಿಗೆ. ದೊಡ್ಡ ಪೆಟ್ಟಿಗೆ ಇದ್ದವರು ಹತ್ತುವ ದಿನ ಟ್ಯಾಕ್ಸಿ ಮಾಡಿ.

ವಾರ್ನೆಮುಂಡೆಯಲ್ಲೇ ಹೆಚ್ಚು ಜನ ಮೋಸ ಹೋಗುವುದು. ಬರ್ಲಿನ್ ಅಲ್ಲಿಂದ ಸುಮಾರು 230 ಕಿ.ಮೀ. ಬಸ್ಸಾಗಲಿ ರೈಲಾಗಲಿ ಹೋಗಲು ಮೂರು ತಾಸು, ಬರಲು ಮೂರು ತಾಸು. ಊರಲ್ಲಿ ಸಿಗುವುದು ನಾಲ್ಕೈದು ತಾಸು, ಅದರಲ್ಲೂ ಊಟ. ಕಾರವಾರದಿಂದ ಬೆಳಿಗ್ಗೆ ಹೊರಟು ದಾವಣಗೆರೆ ನೋಡಿಕೊಂಡು ರಾತ್ರಿಗೆ ಮನೆಗೆ ಬಂದ ಹಾಗೆ. ಹೋಗಲೇಬೇಕೆಂದರೆ ಹಡಗಿನವರದೇ ಟೂರಿನಲ್ಲಿ ಹೋಗಿ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ.

ಬರ್ಲಿನ್ ಬಿಟ್ಟವರಿಗೆ ಈ ಊರೇ ಸಾಕಷ್ಟು ಕೊಡುತ್ತದೆ. ರೈಲು ನಿಲ್ದಾಣ ಧಕ್ಕೆಯ ಪಕ್ಕದಲ್ಲೇ. ಇಪ್ಪತ್ತು ನಿಮಿಷಕ್ಕೆ ರೊಸ್ಟಾಕ್. ಅಲ್ಲಿನ ಸೇಂಟ್ ಮೇರಿ ಚರ್ಚಿನಲ್ಲಿ 1472ರ ಖಗೋಳ ಗಡಿಯಾರವಿದೆ, ಇನ್ನೂ ನಡೆಯುತ್ತಿದೆ. ಮಧ್ಯಾಹ್ನ ಸರಿಯಾಗಿ 12ಕ್ಕೆ ಅದರ ಮೇಲಿನ ಪುಟ್ಟ ಬಾಗಿಲು ತೆರೆದು ಕ್ರಿಸ್ತನ ಶಿಷ್ಯರ ಗೊಂಬೆಗಳು ಒಂದರ ಹಿಂದೆ ಒಂದು ಸಾಗುತ್ತವೆ. ಅದಕ್ಕೆ ಸರಿಯಾಗಿ ಹನ್ನೊಂದರ ಒಳಗೆ ರೈಲು ಹತ್ತಿ. ವಾಪಸ್ ಬಂದು ಹಳೆ ಕಾಲುವೆಯ ದಂಡೆಯಲ್ಲಿ ದೋಣಿಯಿಂದಲೇ ಮಾರುವ ಮೀನಿನ ಬನ್ ತಿನ್ನಬಹುದು. ಒಳಗಿರುವುದು ಹೆರಿಂಗ್, ನಮ್ಮ ತಾರ್ಲೆಯ (ಬೂತಾಯಿ) ಬಳಗದ್ದೇ. ಆದರೆ ಹುರಿದದ್ದಲ್ಲ, ಉಪ್ಪು ಅಥವಾ ವಿನೆಗರಿನಲ್ಲಿ ಹಾಕಿದ್ದು. ಕಾರವಾರದ ನಾಲಿಗೆಗೆ ಮೊದಲ ಕಚ್ಚು ಕಷ್ಟ; ಹೊಗೆಯಲ್ಲಿ ಬೇಯಿಸಿದ ಮೀನು ಕೇಳಿದರೆ ವಾಸಿ.

ಮರಳ ದಂಡೆಯಲ್ಲಿ ಬೆತ್ತದಿಂದ ಹೆಣೆದ ಗೂಡಿನಂಥ ಕುರ್ಚಿಗಳು ಸಾಲಾಗಿ ನಿಂತಿರುತ್ತವೆ. ಸರಿಯಾಗಿ ಇಬ್ಬರು ಕೂರುವಷ್ಟು ಅಗಲ, ಬೆನ್ನ ಹಿಂದೆ ಮತ್ತು ತಲೆಯ ಮೇಲೆ ಮರೆ, ಕಾಲಿಡಲು ಎಳೆಯುವ ಹಲಗೆ. ಗಾಳಿ ಬೀಸುವ ಕಡೆಗೆ ಬೆನ್ನು ತಿರುಗಿಸಿ ಇಟ್ಟರೆ ಒಳಗೆ ಬೆಚ್ಚಗೆ. 1882ರಲ್ಲಿ ರೊಸ್ಟಾಕಿನ ಬುಟ್ಟಿ ಹೆಣೆಯುವ ವಿಲ್‌ಹೆಲ್ಮ್ ಬಾರ್ಟೆಲ್‌ಮನ್ ಮೊದಲು ಮಾಡಿದ್ದು. ಮರುವರ್ಷ ಅವನ ಹೆಂಡತಿ ಇದೇ ದಂಡೆಯಲ್ಲಿ ಅವನ್ನು ಬಾಡಿಗೆಗೆ ಕೊಡತೊಡಗಿದಳು. ಈಗಲೂ ಬಾಡಿಗೆಗೆ ಸಿಗುತ್ತವೆ. ಕಾರವಾರದ ಟಾಗೋರ್ ಕಡಲತೀರಕ್ಕೆ ಇಂಥ ಹತ್ತು ತಂದಿಟ್ಟರೆ ಹೇಗೆ ಎನಿಸದೆ ಇರದು, ಜೂನ್‌ನ ನಮ್ಮ ಗಾಳಿಗೆ ಅವು ಬೈತಖೋಲ್ ಬಂದರು ಸೇರುತ್ತವೆ ಎನ್ನುವುದು ಬೇರೆ ಮಾತು.

ಟಾಲಿನ್ ಇಡೀ ದಾರಿಯಲ್ಲೇ ಒಳ್ಳೆಯ ಬಂದರು. ಧಕ್ಕೆಯಿಂದ ಹಳೆಪೇಟೆಯ ಬಾಗಿಲಿಗೆ ಹದಿನೈದು-ಇಪ್ಪತ್ತು ನಿಮಿಷದ ನಡಿಗೆ. ಟೂರಿಗೆ, ಶಟಲ್ ಬಸ್ಸಿಗೆ ಒಂದು ಪೈಸೆ ಕೊಡಬೇಡಿ. ‘ದಪ್ಪ ಮಾರ್ಗರೆಟ್’ ಎಂಬ ಗುಂಡುಗೋಪುರದ ಬಾಗಿಲಿಂದ ಒಳಹೋಗಿ, ಪಿಕ್ ಬೀದಿ ಹಿಡಿದು ಪುರಭವನದ ಚೌಕಕ್ಕೆ ಬನ್ನಿ. ಮೂಲೆಯಲ್ಲಿರುವ ಔಷಧಿ ಅಂಗಡಿಯ ದಾಖಲೆ 1422ರಿಂದ ಸಿಗುತ್ತದೆ, ಇಂದಿಗೂ ಅದು ಔಷಧಿ ಅಂಗಡಿಯೇ. ಟೂಂಪಿಯಾ ಗುಡ್ಡದ ಕೊಹ್ತುಓತ್ಸಾ ಕಟ್ಟೆಯಿಂದ ಕೆಂಪು ಹಂಚಿನ ಮಾಡುಗಳ ಆಚೆ ನಿಮ್ಮ ಹಡಗು ಕಾಣುತ್ತದೆ. ಹತ್ತು ಗಂಟೆಯ ನಂತರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದಕ್ಕೇ ಮೊದಲು ಗುಡ್ಡ, ಆಮೇಲೆ ಚೌಕ ಎಂದು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಬೀದಿಯೆಲ್ಲ ಉರುಟುಗಲ್ಲು. ತೆಳು ಅಡಿಯ ಚಪ್ಪಲಿ ಹಾಕಿದವರ ಮಂಡಿ ಮಧ್ಯಾಹ್ನದೊಳಗೆ ಮಾತಾಡತೊಡಗುತ್ತದೆ.

ಗಡಿಯಾರದ ಗೊಂದಲವೂ ಇಲ್ಲಿಂದಲೇ. ಎಸ್ಟೋನಿಯ, ಫಿನ್ಲೆಂಡುಗಳು ಡೆನ್ಮಾರ್ಕ್, ಸ್ವೀಡನ್‌ಗಳಿಗಿಂತ ಒಂದು ತಾಸು ಮುಂದೆ. ಮೊಬೈಲು ನೆಲದ ಸಮಯ ತೋರಿಸುತ್ತದೆ, ಹಡಗು ತನ್ನ ಗಡಿಯಾರ ಬದಲಿಸಿರಬಹುದು, ಬದಲಿಸದೆಯೂ ಇರಬಹುದು. ವಾಪಸ್ ಹತ್ತುವ ಕೊನೆಯ ಸಮಯ ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ತಾಸು ಮೊದಲು, ಹಡಗಿನ ಲೆಕ್ಕದಲ್ಲಿ. ಇಳಿಯುವಾಗ ಏಣಿಯ ಬಳಿಯ ಫಲಕದ ಫೋಟೊ ಇಬ್ಬರ ಮೊಬೈಲಿನಲ್ಲೂ ಇರಲಿ. ಒಬ್ಬರ ಕೈಯಲ್ಲಾದರೂ ಮೊಬೈಲಿಗೆ ಹೊಂದಿಕೊಳ್ಳದ ಹಳೇ ಕೈಗಡಿಯಾರ ಇರುವುದು ಇನ್ನೂ ಕ್ಷೇಮ.

ಹೆಲ್ಸಿಂಕಿ ಸುಮಾರು. ಹೆರ್ನೆಸಾರಿ ಧಕ್ಕೆಯಿಂದ ಊರ ಮಧ್ಯಕ್ಕೆ ಬಸ್ಸು ಬೇಕು. ಕಟಯನೊಕ್ಕ ಆದರೆ ನಡಿಗೆ. ಮಾರುಕಟ್ಟೆ ಚೌಕದಿಂದ ಸುಓಮೆನ್‌ಲಿನ್ನಾ ಕೋಟೆದ್ವೀಪಕ್ಕೆ ಹದಿನೈದು-ಇಪ್ಪತ್ತು ನಿಮಿಷದ ಫೆರ್ರಿ. ತದಡಿಯಿಂದ ಅಘನಾಶಿನಿಗೆ ದಾಟುವ ಬಾರ್ಜಿನ ಹಾಗೆ ಇದು ಊರ ಜನರೇ ದಿನವೂ ಓಡಾಡುವ ಸಾರಿಗೆ. ಸಿಟಿ ಬಸ್ಸಿನ ಟಿಕೆಟ್ಟೇ ನಡೆಯುತ್ತದೆ. ಅದೇ ಚೌಕದಲ್ಲಿ ಮುಯಿಕ್ಕು ಎಂಬ ಸಣ್ಣ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದು ಕೊಡುತ್ತಾರೆ, ಮುಳ್ಳು ಸಮೇತ ತಿನ್ನುವುದು. ರವೆಯಲ್ಲಿ ಹುರಿದ ಮೀನು ತಿಂದು ಬೆಳೆದವರಿಗೆ ಇಡೀ ಪ್ರವಾಸದಲ್ಲಿ ಮನೆಯ ನೆನಪು ತರುವ ತಟ್ಟೆ ಇದೊಂದೇ, ಖಾರ ಮಾತ್ರ ಕೇಳಬೇಡಿ. ಸಸ್ಯಾಹಾರಿಗಳಿಗೆ ಅಕ್ಕಿ ಗಂಜಿ ತುಂಬಿದ ಕರೇಲಿಯನ್ ಕಡುಬು ಸಿಗುತ್ತದೆ. ಮೇಲೆ ಹಚ್ಚುವ ಮೊಟ್ಟೆ-ಬೆಣ್ಣೆ ಬೇಡ ಎಂದು ಮೊದಲೇ ಹೇಳಿ.

ಸ್ಟಾಕ್‌ಹೋಮಿನಲ್ಲಿ ಸ್ಟಾಡ್ಸ್‌ಗೋರ್ಡನ್ ಧಕ್ಕೆಯಾದರೆ ಹಳೆಪೇಟೆ ನಡಿಗೆಯ ದೂರ. ನ್ಯೂನೆಸ್‌ಹಾಮ್ನ್ ಆದರೆ ಲೋಕಲ್ ರೈಲಿನಲ್ಲಿ ಒಂದು ತಾಸು. ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು, ಒಂದು ಟಿಕೆಟ್ 75 ನಿಮಿಷ ನಡೆಯುತ್ತದೆ. ಅದೇ ಟಿಕೆಟಿನಲ್ಲಿ ಟ್ರಾಮ್, ಬಸ್ಸು ಕೂಡ. ಆದರೆ ತಲಾ ಒಂದು ಕಾರ್ಡ್ ಬೇಕು. ವಾಪಸಾಗುವಾಗ ಎರಡು ತಾಸು ಕೈಯಲ್ಲಿಟ್ಟುಕೊಂಡು ಊರು ಬಿಡಿ.

ಸಮಯ ಎಷ್ಟೇ ಕಡಿಮೆ ಇರಲಿ, ವಾಸಾ ಮ್ಯೂಸಿಯಂ ಮಾತ್ರ ಬಿಡಬಾರದು. ದೋಣಿ ಕಂಡು ಬೆಳೆದ ನಮ್ಮ ಕರಾವಳಿಯವರಂತೂ ಬಿಡಲೇಬಾರದು. 1628ರ ಆಗಸ್ಟ್ 10ರಂದು ಮೊದಲ ಸಲ ಹಾಯಿ ಬಿಚ್ಚಿ ಹೊರಟ ವಾಸಾ ಎಂಬ ಯುದ್ಧನೌಕೆ 1,300 ಮೀಟರ್ ಹೋಗುವಷ್ಟರಲ್ಲಿ ಮುಳುಗಿತು. ಎರಡು ತೋಪಿನ ಅಂತಸ್ತು, ಒಟ್ಟು 64 ತೋಪು, ಮೇಲ್ಭಾಗ ಭಾರ, ಅಡಿಯ ಅಗಲ ಸಾಲದು. ಗಾಳಿಗೆ ವಾಲಿದಾಗ ತೆರೆದಿಟ್ಟ ಕೆಳಸಾಲಿನ ತೋಪಿನ ಕಿಂಡಿಗಳಿಂದ ನೀರು ನುಗ್ಗಿತು. 1961ರಲ್ಲಿ ಎತ್ತಿದಾಗ ಮರ ಹಾಗೇ ಇತ್ತು. 333 ವರ್ಷ ನೀರಲ್ಲಿ ಮರ ಉಳಿದದ್ದು ಹೇಗೆ ಎಂದು ಕೇಳಬೇಕಾದವರು ನಾವೇ. ಮರದ ದೋಣಿಗೆ ಹುಳ ಹಿಡಿಯುವುದು, ಅದಕ್ಕೆ ಗೇರೆಣ್ಣೆ ಬಳಿಯುವುದು ನಮ್ಮಲ್ಲಿ ಗೊತ್ತಿರುವ ಸಂಗತಿ. ಮರ ಕೊರೆಯುವ ಆ ಹುಳಕ್ಕೆ ಉಪ್ಪುನೀರು ಬೇಕು. ಬಾಲ್ಟಿಕ್ ಅರೆಸಪ್ಪೆ, ಸ್ಟಾಕ್‌ಹೋಮಿನ ಬಳಿ ಇನ್ನೂ ಸಪ್ಪೆ; ಹುಳ ಬದುಕಲಿಲ್ಲ, ಹಡಗು ಉಳಿಯಿತು.  ಮ್ಯೂಸಿಯಮ್ಮಿನ ಒಳಗೆ 18ರಿಂದ 20 ಡಿಗ್ರಿ ಕಾಯ್ದಿರುತ್ತಾರೆ, ಬೆಳಕು ಮಂದ. ಒಂದೂವರೆ ತಾಸು ಬೇಕು.

ಊಟದ ಬಗ್ಗೆ ಶಿರಸಿ-ಸಿದ್ದಾಪುರದ ಕಡೆಯವರು ಹೆಚ್ಚು ಹೆದರುತ್ತಾರೆ, ಅಷ್ಟು ಬೇಕಾಗಿಲ್ಲ. ದೊಡ್ಡ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರದ ಏರ್ಪಾಡು ಇರುತ್ತದೆ; ಬುಕ್ ಮಾಡುವಾಗ ಒಮ್ಮೆ, ಹತ್ತಿದ ಮೊದಲ ರಾತ್ರಿ ಊಟದ ಮೇಲ್ವಿಚಾರಕರಿಗೆ ಮತ್ತೊಮ್ಮೆ ಹೇಳಬೇಕು. ನಾಳೆಯದನ್ನು ಇವತ್ತೇ ಕೇಳಿದರೆ ಮಾಡಿಕೊಡುತ್ತಾರೆ, ಕೂತ ಮೇಲೆ ಕೇಳಿದರೆ ಪಾಸ್ತಾವೇ ಗತಿ. ತರಕಾರಿ ಸೂಪಿನ ತಿಳಿಯಲ್ಲಿ ಕೋಳಿ ಅಥವಾ ದನದ ಮೂಳೆಯ ರಸ ಇರಬಹುದು, ಅದನ್ನು ಹೆಸರಿಟ್ಟೇ ಕೇಳಿ. ಕ್ರೂಸ್ ಹಡಗುಗಳಲ್ಲಿ ಗೋವಾದ ಹುಡುಗರು ಬಹಳ. ಎದೆಯ ಪಟ್ಟಿಯ ಮೇಲೆ ದೇಶದ ಹೆಸರು ನೋಡಿ ಕೊಂಕಣಿಯಲ್ಲಿ ಒಂದು ಮಾತು ಆಡಿದರೆ ಮಾರನೇ ದಿನದಿಂದ ಟೇಬಲ್ಲಿಗೆ ಹಸಿಮೆಣಸು ಬರುತ್ತದೆ.

ಮನೆಯಿಂದ ಒಯ್ಯುವುದರಲ್ಲಿ ಎಚ್ಚರ. ಯುರೋಪಿನ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ತರುವಂತಿಲ್ಲ. ತುಪ್ಪ, ಪೇಡೆ ಎರಡೂ ಅದರಲ್ಲಿ ಬಂತು. ಚಟ್ನಿಪುಡಿ, ಉಪ್ಪಿನಕಾಯಿ ಅಂಗಡಿಯ ಸೀಲು ಇರುವ ಪೊಟ್ಟಣದಲ್ಲಿರಲಿ, ಮನೆಯ ಡಬ್ಬಿಯಲ್ಲಿದ್ದರೆ ಹಡಗಿನ ತಪಾಸಣೆಯಲ್ಲಿ ತೆಗೆದಿಡಬಹುದು. ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆ, ಅನ್ನದ ಕುಕ್ಕರ್ ಬೆಂಕಿಯ ಭಯಕ್ಕೆ ನಿಷಿದ್ಧ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ, ಒಂದು ಫ್ಲಾಸ್ಕ್ ಸಾಕು. ಈ ಊರುಗಳಲ್ಲೆಲ್ಲ ನಲ್ಲಿಯ ನೀರು ಕುಡಿಯಬಹುದು.

ಪ್ಯಾಕೇಜಿನ ದರದಲ್ಲಿ ಸೇರದ ಖರ್ಚುಗಳೇ ಕೊನೆಗೆ ಕಣ್ಣು ಬಿಡಿಸುವುದು. ಸಿಬ್ಬಂದಿಯ ಬಕ್ಷೀಸು ತಲಾ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಇಬ್ಬರಿಗೆ ಏಳು ದಿನಕ್ಕೆ ಗುಣಿಸಿ ಮೊದಲೇ ತೆಗೆದಿಡಿ. ಪಾನೀಯದ ಪ್ಯಾಕೇಜ್ ಗಂಡನಿಗೆ ಮಾತ್ರ ಸಾಕು ಎಂದರೆ ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ, ಒಂದೇ ಕೋಣೆಯ ವಯಸ್ಕರೆಲ್ಲ ಕೊಳ್ಳಬೇಕು. ಹಡಗಿನ ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡಿ: ಮುಂಗಡವಾಗಿ ತಡೆಹಿಡಿದ ಹಣ ಪ್ರವಾಸ ಮುಗಿದ ಮೇಲೂ ದಿನಗಟ್ಟಲೆ ಸಿಕ್ಕಿಬಿದ್ದಿರುತ್ತದೆ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಬೇಡ ಎನ್ನಿ, ಸ್ಥಳೀಯ ನಾಣ್ಯದಲ್ಲೇ ಕೊಡಿ. ಡೆನ್ಮಾರ್ಕ್, ಸ್ವೀಡನ್‌ಗಳ ಕ್ರೋನ ಬೇರೆ ಬೇರೆ. ನೋಟು ಕೊಳ್ಳುವುದೇ ಬೇಡ, ಎಲ್ಲೆಡೆ ಕಾರ್ಡ್. ಜರ್ಮನಿಗೆ ಮಾತ್ರ ಒಂದಿಷ್ಟು ಯೂರೊ ನಗದು. ದಡ ಬಿಡುತ್ತಿದ್ದಂತೆ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ. ಹಡಗಿನ ಸ್ವಂತ ಟವರಿಗೆ ಅದು ತಾನಾಗಿ ಹತ್ತಿಕೊಂಡರೆ ಯುರೋಪಿನ ರೋಮಿಂಗ್ ಪ್ಯಾಕ್ ಕೆಲಸಕ್ಕೆ ಬರುವುದಿಲ್ಲ. ಮನೆಗೆ ಫೋನ್ ಮಾಡುವುದು ಬಂದರಿನಿಂದ: ಕೋಪನ್‌ಹೇಗನ್‌ನಲ್ಲಿ ಸಂಜೆ ಐದೂವರೆ ಆದಾಗ ಇಲ್ಲಿ ರಾತ್ರಿ ಒಂಬತ್ತು.

ಕೊಡೆ ಬಿಟ್ಟು ಹೋಗಿ, ಅಲ್ಲಿನ ಗಾಳಿಗೆ ಕಡ್ಡಿ ಮುರಿಯುತ್ತದೆ. ನಮ್ಮ ಮಳೆಗಾಲದಲ್ಲಿ ಸ್ಕೂಟರಿಗೆ ಹಾಕುವ ರೇನ್‌ಕೋಟಿನ ಮೇಲಂಗಿ, ಒಳಗೆ ಒಂದು ಸ್ವೆಟರ್: ಜೂನ್‌ನ 15-20 ಡಿಗ್ರಿಗೆ ಇಷ್ಟು ಧಾರಾಳ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಅವು ಮತ್ತೆ ಸಿಗುವುದು ಬೆಳಿಗ್ಗೆ ಧಕ್ಕೆಯಲ್ಲಿ. ಮಾತ್ರೆ, ಪಾಸ್‌ಪೋರ್ಟ್, ಮರುದಿನದ ಬಟ್ಟೆ, ಚಪ್ಪಲಿ ಕೈಚೀಲದಲ್ಲಿ ಇರಲಿ. ಚಪ್ಪಲಿಯನ್ನೂ ಪೆಟ್ಟಿಗೆಗೆ ತುಂಬಿ ಹೊರಗಿಟ್ಟವರು ಬೆಳಿಗ್ಗೆ ಹಡಗಿನ ಬಿಳಿ ಬಟ್ಟೆಯ ಚಪ್ಪಲಿಯಲ್ಲೇ ಇಳಿಯುವುದು ಪ್ರತಿ ಸುತ್ತಿನಲ್ಲೂ ಕಾಣಸಿಗುತ್ತದೆ. ಪೆಟ್ಟಿಗೆಯನ್ನು ತಾವೇ ಎಳೆದುಕೊಂಡು ಹೋಗಬಲ್ಲವರು ‘ಸ್ವಂತ ಇಳಿಕೆ’ ಎಂದು ಹೆಸರು ಕೊಟ್ಟರೆ ಎಲ್ಲರಿಗಿಂತ ಮೊದಲು ಹೊರಗೆ. ಆದರೂ ಮಧ್ಯಾಹ್ನಕ್ಕಿಂತ ಮೊದಲಿನ ವಿಮಾನ ಬೇಡ.